ಓರೆ ನೀರು

ಜೂನ್ 8

ಚಿಕ್ಕೋಳಿಗೆ,

ಇಲ್ಲಿ ನಾನು, ನಿನ್ನ ಅಕ್ಕ, ಅವಳ ಹೊಟ್ಟೆಯಲ್ಲಿರೋ ಮರಿ ಮೂವರೂ ಚೆನ್ನಾಗಿದೀವಿ. ನಿನ್ನ ಟ್ರೈಪಾಡಿನ ಆರೋಗ್ಯ ಮಾತ್ರ ಸರಿಯಿಲ್ಲ ಅಂತ ಅನುಮಾನ.

ಮೊದಲು ಒಳ್ಳೆ ಮಾತು ಹೇಳಿಬಿಡ್ತೀನಿ. ದೋಣಿಯವನು ನೆಗೆಟಿವ್ ಲಕೋಟೆಯನ್ನು ಒದ್ದೆಯಾಗದ ಹಾಗೆ ತಂದುಕೊಟ್ಟ. ಎಲ್ಲವನ್ನೂ ಪ್ರಿಂಟ್ ಹಾಕಿದೆ. ಬೆಳಗಿನ ಚಿತ್ರಗಳಲ್ಲಿ ಸೂರ್ಯ ಊರಿನ ಬೆನ್ನ ಹಿಂದೆ ಇರೋದರಿಂದ ಕಟ್ಟಡಗಳೆಲ್ಲ ಕಪ್ಪು ಕಾಗದ ಕತ್ತರಿಸಿ ನಿಲ್ಲಿಸಿದ ಹಾಗೆ ಬಂದಿವೆ. ಸಂಜೆಯವು ಇನ್ನೂ ಚೆನ್ನ, ಬಿಸಿಲು ಊರಿನ ಮುಖದ ಮೇಲೇ ಬಿದ್ದಿದೆ. ಹೊಗಳಿದೆ ಅಂತ ಅಟ್ಟ ಹತ್ತಿ ಕೂರಬೇಡ.

ಪ್ರಕಾಶಕರು ಈ ಪುಸ್ತಕಕ್ಕೆ ಕೇಳಿದ್ದು ನನ್ನನ್ನ. ‘ನಮ್ಮ ಊರು, ಬೆಳಗ್ಗೆ ಮತ್ತು ಸಂಜೆ.’ ಮಂಡಿ ಗಟ್ಟಿಯಿದ್ದಿದ್ದರೆ ನಾನೇ ಆಚೆ ದಡಕ್ಕೆ ಬಂದು ಕೂರ್ತಿದ್ದೆ. ಮಂಡಿ ಕೈಕೊಟ್ಟಿದ್ದಕ್ಕೆ ನೀನು ತೆಗೆಯೋದು, ನಾನು ಪ್ರಿಂಟ್ ಹಾಕೋದು ಅಂತ ಒಪ್ಪಂದ ಆಗಿದೆ. ಆದ್ದರಿಂದ ನನ್ನ ಮಾತು ಕೇಳು. ನೀರಿನ ಅಂಚು ನೋಡಿ ಚೌಕಟ್ಟು ಕೂರಿಸಬೇಡ, ನಮ್ಮ ದಡ ಬಾಗಿದೆ, ಕಣ್ಣಿಗೆ ಮೋಸ ಮಾಡುತ್ತೆ. ಚಿತ್ರದ ನಟ್ಟನಡುವೆ ನಮ್ಮ ಬಿಲ್ಡಿಂಗೇ ಇದೆಯಲ್ಲ, ಏಳು ಮಹಡಿ, ಸ್ಕೇಲಿಟ್ಟು ಗೆರೆ ಎಳೆದ ಹಾಗೆ. ಅದರ ಅಂಚು ನೆಟ್ಟಗೆ ಬಂದರೆ ಚಿತ್ರ ನೆಟ್ಟಗೆ ಬಂದ ಹಾಗೆ. ನಿನ್ನ ಚಿತ್ರಗಳಲ್ಲಿ ಅದು ಒಂದು ಕೂದಲೆಳೆ ಬಲಕ್ಕೆ ವಾಲಿದೆ. ಎನ್‌ಲಾರ್ಜರ್ ಕೆಳಗೆ ಕಾಗದವನ್ನೇ ಸ್ವಲ್ಪ ತಿರುಗಿಸಿ ಸರಿ ಮಾಡಿದೀನಿ.

ಫೋನ್ ಮಾಡಬೇಡ. ನಾವಿಬ್ಬರೂ ಎರಡನೇ ನಿಮಿಷಕ್ಕೆ ಪಟ್ ಅಂತ ಇಡೋರು. ಬರೆದರೆ ಬೈಗುಳಕ್ಕೂ ಒಂದು ಮರ್ಯಾದೆ ಇರುತ್ತೆ.

ಇಂತಿ,
ಅಪ್ಪ

*

ಜೂನ್ 15

ಅಪ್ಪಾ,

ಕಾಗದ ಸಿಕ್ತು. ಹೊಗಳಿಕೆಯೂ ಇತ್ತು ಅಂತ ಇನ್ನೊಮ್ಮೆ ಓದಿ ಖಾತ್ರಿ ಮಾಡಿಕೊಂಡೆ.

ನನ್ನ ಕೋಣೆ ದೋಣಿ ಕಟ್ಟೆಯ ಟಿಕೆಟ್ ಕೌಂಟರಿನ ಮೇಲಿದೆ. ಕೆಳಗೆ ಡೀಸೆಲ್ ವಾಸನೆ, ಮೇಲೆ ಪಾರಿವಾಳ. ತಾರಸಿಯಲ್ಲಿ ಟ್ರೈಪಾಡಿನ ಮೂರು ಕಾಲಿಗೂ ಬಣ್ಣ ಬಳಿದು ಗುರುತು ಮಾಡಿದೀನಿ, ದಿನಾ ಅದೇ ಜಾಗದಲ್ಲಿ ಊರುತ್ತೆ. ಬೆಳಕು ಹರಿಯೋ ಮುಂಚೆ ಕೆರೆ ಉಸಿರಾಡೋದಿಲ್ಲ. ನಿಮ್ಮ ದಡದ ದೀಪಗಳು ಇನ್ನೂ ಉರೀತಿರುತ್ತವೆ, ಒಂದೊಂದು ದೀಪಕ್ಕೂ ನೀರಿನೊಳಗೆ ಇನ್ನೊಂದು ದೀಪ. ಆಮೇಲೆ ಸೂರ್ಯ ಬರ್ತಾನೆ, ಗಾಳಿ ಏಳುತ್ತೆ, ಕೆಳಗಿನ ದೀಪಗಳೆಲ್ಲ ಒಡೆದುಹೋಗ್ತವೆ. ಸಂಜೆ ನಮ್ಮ ಐದನೇ ಮಹಡಿಯ ಕಿಟಕಿ ಬಿಸಿಲು ಹಿಡಿದು ಹೊಳೆಯುತ್ತೆ. ದೂರದ ಲೆನ್ಸ್ ಹಾಕಿದರೆ ಅಕ್ಕ ಒಣಗಿಸಿದ ಬಟ್ಟೆ ಕಾಣುತ್ತೆ. ನೀವು ಬಾಲ್ಕನಿಗೆ ಬಂದು ನನ್ನ ಕಡೆ ಗುರಾಯಿಸಿದ್ದೂ ಕಂಡಿದೆ.

ಓರೆಯ ವಿಷಯ. ಟ್ರೈಪಾಡಿನ ತಲೆಯ ಮೇಲೆ ಸಣ್ಣ ರಸಮಟ್ಟ ಇದೆ. ಗುಳ್ಳೆ ಎರಡು ಗೆರೆಯ ನಡುವೆ ಬಂದು ನಿಂತ ಮೇಲೇ ನಾನು ಬಟನ್ ಒತ್ತೋದು. ನನ್ನ ಚೌಕಟ್ಟು ಓರೆ ಇರೋಕೆ ಸಾಧ್ಯವಿಲ್ಲ ಅಪ್ಪಾ. ನೀವು ಪಕ್ಕದಲ್ಲಿದ್ದಿದ್ದರೆ ಇಷ್ಟೊತ್ತಿಗೆ ಬಂದು ಟ್ರೈಪಾಡು ಅಲ್ಲಾಡಿಸಿ ‘ಸರಿ’ ಮಾಡಿರ್ತಿದ್ದಿರಿ. ಎಷ್ಟು ಮದುವೆಗಳಲ್ಲಿ, ಎಷ್ಟು ಜನರ ಮುಂದೆ ಹಾಗೆ ಮಾಡಿದೀರಿ. ಅದೊಂದು ನೆಮ್ಮದಿ, ಈಗ ನಡುವೆ ಒಂದು ಕೆರೆ ಇದೆ.

ಅಕ್ಕ ಹೊತ್ತಿಗೆ ಸರಿಯಾಗಿ ಊಟ ಮಾಡ್ತಿದಾಳಾ?

ನಿಮ್ಮ
ಚಿಕ್ಕೋಳು

*

ಜುಲೈ 20

ಚಿಕ್ಕೋಳಿಗೆ,

ಗುಳ್ಳೆಯ ಪುರಾಣ ಸಾಕು. ಕುಣಿಯೋಕೆ ಬಾರದವಳು ನೆಲ ಡೊಂಕು ಅಂದಳಂತೆ. ಅಂಗಡಿಯವನು ಅಂಟಿಸಿಕೊಟ್ಟ ಗುಳ್ಳೆಯನ್ನು ನಂಬ್ತೀಯ, ನಲವತ್ತು ವರ್ಷ ಕ್ಯಾಮೆರಾ ಹಿಡಿದ ಅಪ್ಪನ ಕಣ್ಣು ನಂಬಲ್ಲ.

ಈ ತಿಂಗಳಿನವು ಇನ್ನೂ ಕೆಟ್ಟಿವೆ. ನಮ್ಮ ಬಿಲ್ಡಿಂಗನ್ನು ನೆಟ್ಟಗೆ ಮಾಡೋಕೆ ಜೂನ್‌ಗಿಂತ ಜಾಸ್ತಿ ಕಾಗದ ತಿರುಗಿಸಬೇಕಾಯಿತು. ಹಾಗೆ ಮಾಡಿದರೆ ಕೆರೆಯ ನೀರು ಬಲಗಡೆ ಗುಡ್ಡ ಹತ್ತುತ್ತೆ. ಪ್ರಿಂಟುಗಳ ಜೊತೆ ಇದುವರೆಗಿನ ನೆಗೆಟಿವ್‌ಗಳನ್ನೂ ವಾಪಸ್ ಕಳಿಸಿದೀನಿ, ನೀನೇ ನೋಡಿ ನಾಚಿಕೊ.

ಇಲ್ಲಿ ನೆಮ್ಮದಿ ಇಲ್ಲ. ಪಕ್ಕದ ಸೈಟಿನಲ್ಲಿ ಹೊಸ ಬಿಲ್ಡಿಂಗಿಗೆ ಅಂತ ಪಾತಾಳದ ತನಕ ತೋಡಿದಾರೆ. ಕೆರೆ ಪಕ್ಕ ಅಲ್ಲವಾ, ತೋಡಿದಷ್ಟೂ ನೀರು. ಹಗಲೂ ರಾತ್ರಿ ಪಂಪು ಹಾಕಿ ಹೊರಗೆ ಚೆಲ್ತಿದಾರೆ. ಲಿಫ್ಟು ಎರಡನೇ ಮಹಡಿ ದಾಟಲ್ಲ ಅಂತ ಹಟ ಹಿಡಿದಿದೆ. ದೊಡ್ಡೋಳಿಗೆ ಡಾಕ್ಟರು ಮೆಟ್ಟಿಲು ಹತ್ತಿ ಇಳಿಯಲೇಬೇಡ ಅಂದಿದಾರೆ, ಮಗು ತುಂಬ ಕೆಳಗಿದೆಯಂತೆ. ಅಳಿಯಂದಿರು ಹಡಗಿನಿಂದ ವಾಪಸ್ ಬರೋ ತನಕ ಅವಳು ಈ ಮನೆಯಲ್ಲೇ ಮಲಗಿರಬೇಕು.

ನನ್ನ ಡಾರ್ಕ್‌ರೂಮಿನ ಮೇಜಿಗೂ ವಯಸ್ಸಾಯಿತು. ಟ್ರೇಗೆ ಡೆವಲಪರ್ ಹುಯ್ದರೆ ಎಲ್ಲಾ ಸೈಟಿನ ಕಡೆಗೆ ಹೋಗಿ ನಿಲ್ಲುತ್ತೆ. ಕಾಲಿನ ಕೆಳಗೆ ರಟ್ಟು ಮಡಿಚಿ ಇಟ್ಟಿದೀನಿ. ಹಳೇ ಮೇಜು, ಹಳೇ ಯಜಮಾನ, ಇಬ್ಬರಿಗೂ ಕಾಲು ನೆಟ್ಟಗಿಲ್ಲ.

ಇಂತಿ,
ಅಪ್ಪ

*

ಆಗಸ್ಟ್ 3

ಅಪ್ಪಾ,

ಇದನ್ನು ಕೂತುಕೊಂಡು ಓದಿ, ಓದಿ ಮುಗಿಸೋ ತನಕ ಸಿಟ್ಟು ಮಾಡಬೇಡಿ. ಫೋನಿನಲ್ಲಿ ಹೇಳೋಕೆ ಹೋದೆ, ‘ನೆಲ ಡೊಂಕಾ?’ ಅಂತ ನಕ್ಕು ಇಟ್ಟುಬಿಟ್ಟಿರಿ.

ನೀವು ಕಳಿಸಿದ ಪ್ರಿಂಟುಗಳನ್ನು ಗೋಡೆಗೆ ಅಂಟಿಸಿಕೊಂಡು ನೋಡ್ತಿದೀನಿ. ನೀರು ಬಲಕ್ಕೆ ಏರಿರೋದು ನಿಜ. ಅಷ್ಟೇ ಅಲ್ಲ. ಗಡಿಯಾರದ ಗೋಪುರ ಎಡಕ್ಕೆ ವಾಲಿದೆ. ಆಸ್ಪತ್ರೆಯ ಚಿಮಣಿ ಎಡಕ್ಕೆ ವಾಲಿದೆ. ನೀರಿನ ಟ್ಯಾಂಕು ಎಡಕ್ಕೆ ವಾಲಿದೆ. ಊರಿಗೆ ಊರೇ ವಾಲಿದೆ, ನಮ್ಮ ಮನೆ ಒಂದು ನೆಟ್ಟಗಿದೆ. ಇದು ಹೇಗಪ್ಪಾ ಸಾಧ್ಯ?

ದಡದ ಅಂಚು ಮೋಸ ಮಾಡುತ್ತೆ ಅಂದಿರಿ, ಒಪ್ಪಿದೆ. ಅದಕ್ಕೆ ನಿಂತ ನೀರನ್ನೇ ಕೇಳಿದೆ. ಬೆಳಗಿನ ಜಾವದ ಚಿತ್ರದಲ್ಲಿ ನಿಮ್ಮ ಕಡೆಯ ದೋಣಿ ಕಟ್ಟೆಯ ದೀಪ ಇದೆ, ಅದರ ಕೆಳಗೆ ನೀರಿನಲ್ಲಿ ಅದೇ ದೀಪ ಇದೆ. ಗಾರೆಯವನು ತೂಗುಗುಂಡು ಇಳಿಬಿಟ್ಟ ಹಾಗೆ ಎರಡೂ ಒಂದೇ ಲಂಬದಲ್ಲಿ ಇರಲೇಬೇಕು. ನನ್ನ ನೆಗೆಟಿವಿನಲ್ಲಿ ಹಾಗೇ ಇದೆ. ನಿಮ್ಮ ಪ್ರಿಂಟಿನಲ್ಲಿ ಇಲ್ಲ. ಅಂದರೆ ನೀವು ಕಾಗದ ತಿರುಗಿಸಿದ್ದೇ ತಪ್ಪು. ಓರೆಯಾಗಿರೋದು ನನ್ನ ಟ್ರೈಪಾಡಲ್ಲ, ಕೆರೆಯೂ ಅಲ್ಲ. ನಮ್ಮ ಬಿಲ್ಡಿಂಗು ಸೈಟಿನ ಕಡೆಗೆ ವಾಲ್ತಾ ಇದೆ. ನೀವು ಅದನ್ನೇ ಅಳತೆಗೋಲು ಮಾಡಿಕೊಂಡು ತಿಂಗಳು ತಿಂಗಳೂ ಅದನ್ನು ನೆಟ್ಟಗೆ ನಿಲ್ಲಿಸ್ತಾ ಬಂದಿರಿ.

ಲಿಫ್ಟು ಯಾಕೆ ಸಿಕ್ಕಿಕೊಳ್ಳುತ್ತೆ? ಡೆವಲಪರ್ ಯಾಕೆ ಸೈಟಿನ ಕಡೆಗೇ ಹರಿಯುತ್ತೆ? ಮೇಜಿನ ಕಾಲಲ್ಲ ಅಪ್ಪಾ.

ಅಕ್ಕನನ್ನು ಅಲ್ಲಿಂದ ಕರಕೊಂಡು ಹೊರಡಿ. ಮಿಕ್ಕ ಮನೆಯವರಿಗೂ ಹೇಳಿ, ನೀವು ಬಿಲ್ಡಿಂಗಿನ ಸಂಘದ ಅಧ್ಯಕ್ಷರು, ನಿಮ್ಮ ಮಾತು ಕೇಳ್ತಾರೆ. ಭಾನುವಾರದ ದೋಣಿಗೆ ನಾನೇ ಬರ್ತೀನಿ.

ಚಿಕ್ಕೋಳು

*

ಆಗಸ್ಟ್ 12

ಚಿಕ್ಕೋಳಿಗೆ,

ಭಾನುವಾರ ನೀನು ಬಂದೆ, ಮೆಟ್ಟಿಲ ಮೇಲೆ ನಿಂತು ಕೂಗಾಡಿದೆ, ಬಸುರಿ ಅಕ್ಕನನ್ನು ಅಳಿಸಿದೆ, ಮೂರನೇ ಮಹಡಿಯ ಟೈಲರ್ ಹೆಂಡತಿಗೆ ಎದೆ ಡವಗುಟ್ಟೋ ಹಾಗೆ ಮಾಡಿ ಸಂಜೆ ದೋಣಿಗೆ ಹೋದೆ. ಮನೆಗೆ ಬಂದ ಮಗಳು ಒಂದು ಲೋಟ ನೀರು ಕುಡಿದು ಹೋಗಲಿಲ್ಲ.

ನಿನ್ನ ಸಮಾಧಾನಕ್ಕೆ ಅಂತ ಸೈಟಿನ ಕಂಟ್ರಾಕ್ಟರಿಗೆ ಹೇಳಿ ಅವನ ಇಂಜಿನಿಯರನ್ನು ಕರೆಸಿದೆ. ಬಂದ, ಮಟಮಟ ಮಧ್ಯಾಹ್ನದಲ್ಲಿ ಕಂಬಗಳನ್ನೆಲ್ಲ ಕುಟ್ಟಿ ನೋಡಿದ, ‘ಇನ್ನೂ ನೂರು ವರ್ಷ ಅಲ್ಲಾಡಲ್ಲ ಸಾರ್’ ಅಂದ. ಅವನ ಉಪ್ಪು ಯಾರ ಮನೆಯದು ಅಂತ ನೀನು ಕೇಳ್ತೀಯ, ಗೊತ್ತು. ಇಂಜಿನಿಯರ್ ಇಂಜಿನಿಯರೇ.

ಈ ಬಿಲ್ಡಿಂಗಿನವರು ನನ್ನ ಮಾತು ಕೇಳ್ತಾರೆ ಅಂದೆಯಲ್ಲ, ಅದಕ್ಕೇ ನಾನು ಬಾಯಿಗೆ ಬಂದದ್ದು ಹೇಳೋ ಹಾಗಿಲ್ಲ. ಟೈಲರ್ ಮನೆ ಬಿಟ್ಟರೆ ಹೊಲಿಗೆ ಮೆಷಿನ್ ಎಲ್ಲಿಡ್ತಾನೆ? ಬೇಕರಿಯವನ ತಾಯಿ ಹಾಸಿಗೆ ಹಿಡಿದಿದಾಳೆ, ಆಕೆ ಎಲ್ಲಿಗೆ ಹೋಗ್ತಾಳೆ? ಮಗಳು ಫೋಟೋ ನೋಡಿ ಹೆದರಿದಳು ಅಂತ ಇವರನ್ನೆಲ್ಲ ಬೀದಿಗೆ ಇಳಿಸಲಾ? ನಿನ್ನ ಅಕ್ಕನನ್ನು ಐದು ಮಹಡಿ ಇಳಿಸಿ ಏನಾದರೂ ಹೆಚ್ಚುಕಮ್ಮಿ ಆದರೆ ಆ ಗುಳ್ಳೆ ಬಂದು ಜವಾಬು ಕೊಡುತ್ತಾ?

ಸ್ವಲ್ಪ ದಿನ ನೆಗೆಟಿವ್ ಕಳಿಸಬೇಡ. ಪ್ರಕಾಶಕರಿಗೆ ನಾನು ಏನಾದರೂ ಹೇಳಿಕೊಳ್ತೀನಿ.

ಅಪ್ಪ

*

ಆಗಸ್ಟ್ 29

ಚಿಕ್ಕೋಳೇ,

ಅಪ್ಪ ಔಷಧಿ ತರೋಕೆ ಇಳಿದಿದಾರೆ. ಆ ಮಂಡಿಗೆ ಐದು ಮಹಡಿ ಹತ್ತಿ ಬರೋಕೆ ಹೊತ್ತಾಗುತ್ತೆ, ಅಷ್ಟರಲ್ಲಿ ಬರೀತಿದೀನಿ. ದೋಣಿಯವನ ಕೈಗೆ ಕೊಡೋಕೆ ಟೈಲರ್ ಹೆಂಡತಿ ಒಪ್ಪಿದಾರೆ.

ಅಪ್ಪನಿಗೆ ಭಯ ಹತ್ತಿದೆ ಕಣೇ. ಬಾಯಿ ಬಿಡ್ತಿಲ್ಲ ಅಷ್ಟೇ. ಬಚ್ಚಲ ಬಾಗಿಲನ್ನು ವಾರಕ್ಕೊಂದು ಸಲ ತಾವೇ ಕೂತು ಹೆರೀತಾರೆ. ಹೆರೆದದ್ದು ಮತ್ತೆ ಹಿಡಿದುಕೊಳ್ಳುತ್ತೆ. ನಿನ್ನೆ ಡಾರ್ಕ್‌ರೂಮಿಗೆ ಹೋಗಿ ನೋಡಿದೆ, ಮೇಜಿನ ಕಾಲ ಕೆಳಗೆ ರಟ್ಟು ಹೋಗಿ ಇಟ್ಟಿಗೆ ಬಂದಿದೆ. ರಾತ್ರಿ ಮಲಗಿದ್ದರೆ ಗೋಡೆ ಹಲ್ಲು ಕಡಿದ ಹಾಗೆ ಸದ್ದು ಮಾಡುತ್ತೆ. ‘ಪಂಪಿನ ಸದ್ದಮ್ಮ, ಮಲಗು’ ಅಂತಾರೆ, ಆಮೇಲೆ ತಾವು ಎದ್ದು ಬಾಗಿಲ ಹತ್ತಿರ ಕುರ್ಚಿ ಹಾಕಿಕೊಂಡು ಕೂರ್ತಾರೆ.

ಎಲ್ಲರಿಗೂ ‘ನಾನಿದೀನಿ, ಹೆದರಬೇಡಿ’ ಅಂತ ಹೇಳಿಬಿಟ್ಟಿದಾರಲ್ಲ, ಈಗ ಆ ಮಾತು ನುಂಗೋಕೂ ಆಗದೆ ಉಗುಳೋಕೂ ಆಗದೆ ಒದ್ದಾಡ್ತಿದಾರೆ. ನಾನು ಹೇಳಿದರೆ ಕೇಳಲ್ಲ. ನೀನು ಹೇಳಿದರಂತೂ ಉಲ್ಟಾ ಮಾಡ್ತಾರೆ. ಮಾತು ಬೇಡ. ಅವರು ಜನ್ಮದಲ್ಲಿ ನಂಬಿದ್ದು ಒಂದನ್ನೇ, ತಮ್ಮ ಕೈಯಾರೆ ಟ್ರೇಯಲ್ಲಿ ಮೂಡಿದ ಚಿತ್ರ. ಅದನ್ನು ಕಳಿಸು.

ಮಗು ಒದೀತಾ ಇದೆ. ನನಗೂ ಭಯ ಆಗ್ತಿದೆ.

ಅಕ್ಕ

*

ಸೆಪ್ಟೆಂಬರ್ 2

ಅಪ್ಪಾ,

ಕಳಿಸಬೇಡ ಅಂದಿದ್ದಿರಿ. ಎರಡೇ ನೆಗೆಟಿವ್ ಕಳಿಸ್ತಿದೀನಿ. ಒಂದು ಜೂನ್ ಮೊದಲ ವಾರದ್ದು, ಒಂದು ಇವತ್ತು ಬೆಳಗಿನದು. ಟ್ರೈಪಾಡು ಅದೇ ಗುರುತಿನ ಮೇಲಿದೆ, ಲೆನ್ಸೂ ಅದೇ.

ನಾನು ವಾದ ಮಾಡಲ್ಲ. ಒಂದೇ ಬೇಡಿಕೆ. ಈ ಎರಡನ್ನು ಪ್ರಿಂಟ್ ಹಾಕುವಾಗ ಬಿಲ್ಡಿಂಗಿಗೆ ನೇರ ಮಾಡಬೇಡಿ. ದೋಣಿ ಕಟ್ಟೆಯ ದೀಪ, ನೀರಿನೊಳಗಿನ ದೀಪ, ಎರಡರ ಮೇಲೂ ಒಂದು ದಾರ ಹಿಡಿದು ಕಾಗದ ಕೂರಿಸಿ. ಆಮೇಲೆ ನಮ್ಮ ಮನೆಯನ್ನು ನೋಡಿ.

ನಂದೇ ತಪ್ಪಾದರೆ ನೀವು ಹೇಳಿದ ಹಾಗೆ ಕೇಳ್ತೀನಿ. ಟ್ರೈಪಾಡು ಕೆರೆಗೆ ಎಸೀತೀನಿ.

ಚಿಕ್ಕೋಳು

*

ಸೆಪ್ಟೆಂಬರ್ 4, ಸಂಜೆ

ಮಗಳೇ,

ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಬರೀತಿದೀನಿ. ಗಾಬರಿ ಬೇಡ. ದೊಡ್ಡೋಳು ಒಳಗೆ ಮಲಗಿದಾಳೆ, ಮಗುವಿನ ಎದೆಬಡಿತ ಗಟ್ಟಿಯಾಗಿದೆ ಅಂತ ಡಾಕ್ಟರು ಈಗ ಹೇಳಿ ಹೋದರು.

ನಿನ್ನ ಲಕೋಟೆಯನ್ನು ಒಂದು ದಿನ ಒಡೆಯದೆ ಇಟ್ಟಿದ್ದೆ. ಇವತ್ತು ಬೆಳಗ್ಗೆ ಪ್ರಿಂಟ್ ಹಾಕಿದೆ. ದೀಪಕ್ಕೆ ದಾರ ಹಿಡಿದೆ, ನೀನು ಹೇಳಿದ ಹಾಗೇ. ಜೂನಿನದರಲ್ಲಿ ನಮ್ಮ ಮನೆ ಕೂದಲೆಳೆ ವಾಲಿತ್ತು. ಸೆಪ್ಟೆಂಬರಿನದು ಟ್ರೇಯಲ್ಲಿ ಮೆಲ್ಲಗೆ ಮೂಡ್ತಾ ಬಂತು. ಮೊದಲು ಗೋಪುರ ಬಂತು, ನೆಟ್ಟಗಿತ್ತು. ಚಿಮಣಿ, ನೆಟ್ಟಗೆ. ಆಮೇಲೆ ನಾವು. ಕುಡಿದವನು ಪಕ್ಕದವನ ಹೆಗಲಿಗೆ ಒರಗೋಕೆ ಹೊರಟ ಹಾಗಿತ್ತು.

ಪಕ್ಕದ ಗೋಡೆಗೂಡಿನಲ್ಲಿ ಅಳತೆಯ ಗಾಜಿನ ಜಗ್ಗು ಇತ್ತು. ಅದರ ಗೆರೆ ಒಂದು ಕಡೆ, ಒಳಗಿನ ನೀರು ಒಂದು ಕಡೆ. ನಿನಗೆ ಕಳಿಸದೆ ಉಳಿದಿದ್ದ ಜುಲೈ ತಿಂಗಳ ಓರೆ ಕೆರೆಯ ಪ್ರಿಂಟೊಂದನ್ನು ಅದರ ಹಿಂದೆ ಹಿಡಿದೆ. ಅದೇ ಬಲಕ್ಕೆ ಏರಿದ ನೀರು, ನನ್ನ ಮೂಗಿನ ಕೆಳಗೆ ಇಷ್ಟು ದಿನ ಇತ್ತು. ಡಾರ್ಕ್‌ರೂಮಿನ ಕೆರೆ ಕಡೆಯ ಕಿಟಕಿಯ ಕಪ್ಪು ಕಾಗದ ಹರಿದು ಹಗಲು ಬೆಳಕಿನಲ್ಲಿ ಇನ್ನೊಂದು ಸಲ ನೋಡಿದೆ. ಆಮೇಲೆ ಹಳೇ ಲೆನ್ಸೊಂದನ್ನು ದಾರಕ್ಕೆ ಕಟ್ಟಿ ಸೈಟಿನ ಕಡೆಯ ಗೋಡೆಗುಂಟ ಇಳಿಬಿಟ್ಟೆ. ಬುಡಕ್ಕೆ ಬರೋ ಹೊತ್ತಿಗೆ ಅದು ಗೋಡೆಯಿಂದ ಒಂದು ಮೊಳ ದೂರ ತೂಗ್ತಾ ಇತ್ತು.

ಏಳನೇ ಮಹಡಿಯಿಂದ ಶುರುಮಾಡಿ ಒಂದೊಂದು ಬಾಗಿಲೂ ಬಡಿದೆ. ‘ನಾನು ಹೇಳಿದ್ದು ಸುಳ್ಳು, ನನ್ನ ಮಗಳು ಹೇಳಿದ್ದು ನಿಜ, ಕೈಗೆ ಸಿಕ್ಕಿದ್ದು ಹಿಡಿದು ಇಳಿಯಿರಿ’ ಅಂದೆ. ಕೆಲವರು ಬೈದರು, ಬೈಯಲಿ. ಟೈಲರ್ ಮತ್ತು ಬೇಕರಿಯವನು ದೊಡ್ಡೋಳನ್ನು ಕುರ್ಚಿಯಲ್ಲಿ ಕೂರಿಸಿ ಮೊಟ್ಟೆಯ ಬುಟ್ಟಿ ಇಳಿಸಿದ ಹಾಗೆ ಇಳಿಸಿದರು. ಬೇಕರಿಯವನ ತಾಯಿಯನ್ನು ಹಾಸಿಗೆ ಸಮೇತ ತಂದರು. ಸದ್ಯ ಒಳಗೆ ಒಂದು ನರಪಿಳ್ಳೆಯೂ ಇಲ್ಲ. ಸುತ್ತ ಹಗ್ಗ ಕಟ್ಟಿ ಕಾವಲುಗಾರನನ್ನು ನಿಲ್ಲಿಸಿದಾರೆ.

ನನ್ನ ನೆಗೆಟಿವ್ ಪೆಟ್ಟಿಗೆಗಳೆಲ್ಲ ಮೇಲೇ ಉಳಿದಿವೆ. ನಲವತ್ತು ವರ್ಷದ ದುಡಿಮೆ, ನಿಮ್ಮಮ್ಮನ ಚಿತ್ರಗಳೆಲ್ಲ ಅದರಲ್ಲೇ ಇವೆ. ಕಾವಲುಗಾರನ ಮದುವೆ ಫೋಟೋ ತೆಗೆದವನು ನಾನೇ, ಬಿಡದೆ ಎಲ್ಲಿ ಹೋಗ್ತಾನೆ. ಒಂದೇ ಒಂದು ಸಲ ಹತ್ತಿ ಇಳಿದುಬಿಡ್ತೀನಿ. ಇದನ್ನು ಕಡೇ ದೋಣಿಗೆ ಕೊಡ್ತಿದೀನಿ.

ನೀನು ಬೆಳಗ್ಗೆ ಎಂದಿನಂತೆ ಚಿತ್ರ ತೆಗಿ.

ಅಪ್ಪ

*

ಸೆಪ್ಟೆಂಬರ್ 5

ಅಕ್ಕಾ,

ನರ್ಸು ಇದನ್ನು ನಿನ್ನ ಕೈಗೆ ಕೊಡೋ ಮುಂಚೆ ಸುದ್ದಿ ಕೇಳಿರ್ತೀಯ. ಮೊದಲ ಮಾತು ಇದು, ಅಪ್ಪ ಇಲ್ಲಿ ನನ್ನ ಕೋಣೆಯಲ್ಲಿದಾರೆ. ಮಂಡಿಗೆ ಬಿಸಿನೀರಿನ ಶಾಖ ಕೊಟ್ಟು ಮಲಗಿಸಿದೀನಿ. ಈಗ ಮಿಕ್ಕಿದ್ದು ಓದು.

ನಿನ್ನೆ ಅಪ್ಪನ ಕಾಗದ ಬಂದಾಗ ವಾಪಸ್ ಹೋಗೋಕೆ ದೋಣಿ ಇರಲಿಲ್ಲ. ಮನೆಗೆ ಫೋನ್ ಮಾಡಿದೆ, ಯಾರೂ ಎತ್ತಲಿಲ್ಲ. ಎತ್ತಿದ್ದರೆ ಇನ್ನೂ ಹೆದರ್ತಿದ್ದೆ. ಆಸ್ಪತ್ರೆಗೆ ಮಾಡಿದೆ, ‘ಮುದುಕರು ಎದ್ದು ಹೋದರು’ ಅಂದರು.

ಕತ್ತಲಿರುವಾಗಲೇ ತಾರಸಿಗೆ ಹೋಗಿ ದೂರದ ಲೆನ್ಸ್ ಹಾಕಿದೆ. ಬಿಲ್ಡಿಂಗ್ ಪೂರ್ತಿ ಕಪ್ಪು. ಐದನೇ ಮಹಡಿಯಲ್ಲಿ ಒಂದು ಕೆಂಪು ಚುಕ್ಕೆ. ಡಾರ್ಕ್‌ರೂಮಿನ ಬಲ್ಬು ಅಕ್ಕಾ. ಅಪ್ಪ ಒಳಗಿದಾರೆ ಅಂತ ನನಗೆ ಖಾತ್ರಿಯಾಯಿತು. ಕೂಗಿದರೆ ಕೇಳಿಸೋ ದೂರವಲ್ಲ, ಆದರೂ ಕೂಗಿದೆ. ಕೆರೆಯ ಮೇಲೆ ಮೊದಲ ದೋಣಿ ಈ ಕಡೆಗೆ ಬರ್ತಾ ಇತ್ತು, ಅದು ತಿರುಗಿ ಹೋಗೋವಾಗ ಹತ್ತಿಬಿಡಬೇಕು ಅಂತ ಅಂದುಕೊಂಡೆ, ಆದರೆ ಆ ಕೆಂಪು ಚುಕ್ಕೆಯಿಂದ ಕಣ್ಣು ತೆಗೆಯೋಕೆ ಧೈರ್ಯ ಬರಲಿಲ್ಲ.

ಸೂರ್ಯನ ಅಂಚು ಕಾಣುತ್ತಿದ್ದ ಹಾಗೆ ಚುಕ್ಕೆ ಆರಿತು. ಆಮೇಲೆ ನಮ್ಮ ಮನೆ ಬಲಕ್ಕೆ ವಾಲಿತು. ಅವಸರವೇ ಇಲ್ಲದೆ, ಬಹಳ ಹೊತ್ತು ನಿಂತು ಸಾಕಾದವರು ಕೂರೋ ಹಾಗೆ ಕೂತುಕೊಂಡಿತು. ಸದ್ದು ತಡವಾಗಿ ಬಂತು. ದೂಳೆದ್ದು ಊರು ಮುಚ್ಚಿಹೋಯಿತು. ಬಟನ್ ಮೇಲೆ ಬೆರಳಿತ್ತು, ಒತ್ತಲಿಲ್ಲ. ನೆಲದ ಮೇಲೆ ಕೂತು ‘ಅಪ್ಪಾ ಅಪ್ಪಾ’ ಅಂತ ಅಳ್ತಿದ್ದೆ.

ಎಷ್ಟು ಹೊತ್ತೋ ಗೊತ್ತಿಲ್ಲ. ಹಿಂದಿನಿಂದ ಉಬ್ಬಸದ ದನಿ ಬಂತು, ‘ಈ ಮೆಟ್ಟಿಲು ಕಟ್ಟಿದವನಿಗೆ ಬುದ್ಧಿ ಇಲ್ಲ’ ಅಂತ. ತಿರುಗಿದರೆ ಅಪ್ಪ, ಕಂಬಿ ಹಿಡಿದು ನಿಂತಿದಾರೆ. ಕೈಯಲ್ಲಿ ಏನೂ ಇಲ್ಲ. ತಬ್ಬಿಕೊಂಡೆ, ಹೊಡೆದೆ, ಮತ್ತೆ ತಬ್ಬಿಕೊಂಡೆ. ಅಪ್ಪ ಅಳೋದನ್ನು ನಾನು ಮೊದಲ ಸಲ ನೋಡಿದೆ.

ಕಾವಲುಗಾರ ಬಿಡಲಿಲ್ಲವಂತೆ. ‘ನನ್ನ ಮದುವೆ ಫೋಟೋ ನೀವು ತೆಗೆದಿರಿ ಸಾರ್, ನಿಮ್ಮ ಹೆಣದ ಫೋಟೋ ನನ್ನ ಕೈಲಿ ತೆಗೆಸಬೇಡಿ’ ಅಂದು ಕಾಲಿಗೆ ಬಿದ್ದನಂತೆ. ಅಪ್ಪ ಹಗ್ಗದ ಈಚೆ ನಿಂತು ಮೇಲೆ ನೋಡಿದರು, ಬಲ್ಬು ಆರಿಸದೆ ಬಂದದ್ದು ಕಾಣಿಸಿತು. ‘ಅದನ್ನು ನೀನು ನೋಡ್ತೀಯ, ನಾನು ಒಳಗಿದೀನಿ ಅಂದುಕೊಳ್ತೀಯ ಅಂತ ಹೊಳೆದು ಮೊದಲ ದೋಣಿ ಹತ್ತಿದೆ’ ಅಂದರು. ಪೆಟ್ಟಿಗೆಗಳೆಲ್ಲ ಹೋದವು. ಅಮ್ಮ ಇನ್ನೊಮ್ಮೆ ಹೋದಳು ಅಂತ ಒಂದೇ ಸಲ ಹೇಳಿದರು.

ಸಂಜೆ ದೂಳು ಇಳಿದ ಮೇಲೆ ತಾವೇ ತಾರಸಿಗೆ ಹತ್ತಿ ಬಂದರು. ಬಿಸಿಲು ಊರಿನ ಮುಖದ ಮೇಲಿತ್ತು, ನಡುವೆ ಒಂದು ಹಲ್ಲು ಉದುರಿದ ಜಾಗ. ‘ತೆಗಿ, ಇದೂ ಪುಸ್ತಕದಲ್ಲಿ ಇರಲಿ’ ಅಂದರು. ನಾನು ಟ್ರೈಪಾಡನ್ನು ಬಣ್ಣದ ಗುರುತಿನ ಮೇಲೆ ಊರಿದೆ. ಅಪ್ಪ ಕನ್ನಡಕ ಹಣೆಗೇರಿಸಿ, ಬಗ್ಗಿ, ಗುಳ್ಳೆಯನ್ನು ಬಹಳ ಹೊತ್ತು ನೋಡಿದರು. ಅವರ ಕೈ ಎರಡು ಸಲ ಮುಂದೆ ಬಂತು. ಆಮೇಲೆ ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತರು.

ಟ್ರೈಪಾಡು ಮುಟ್ಟಲಿಲ್ಲ ಅಕ್ಕಾ.

ನಾಳೆ ಇಬ್ಬರೂ ಬರ್ತೀವಿ.

ನಿನ್ನ
ಚಿಕ್ಕೋಳು